ಟಕ್ ಅಂದ ಮೇಲೆ ಕೈ ಬಿಡಬೇಕು

ರವಿವಾರ ಬೆಳಗಾವಿಯ ಉದ್ಯಮಬಾಗದಲ್ಲಿ ಲೇತ್ ಮಶಿನ್‌ಗಳ ಸದ್ದು ಕಡಿಮೆ. ಮಳೆ ಹಿಡಿದಿದ್ದ ಅಂಥದೊಂದು ರವಿವಾರ ಗ್ಯಾರೇಜಿಗೆ 150 ಸಿಸಿ ಬೈಕೊಂದು ಬಂತು. ಕ್ಲಚ್ ಪ್ಲೇಟ್ ಸವೆದಿದ್ದವು. ಅದು ಸಾಲದೆಂಬಂತೆ ಕ್ಲಚ್ ಕವರಿನ ಕೆಳಅಂಚಿನಿಂದ ಆಯಿಲ್ ಜಿನುಗಿ ಸೈಲೆನ್ಸರ್ ಪೈಪಿನ ಮೇಲೆ ಬಿದ್ದು ಹೊಗೆಯಾಡುತ್ತಿತ್ತು.

“ಮೂರ್ ಸಲ ಬಿಗಿ ಮಾಡ್ಸೀನಿ ಕಾಕಾ, ಆದ್ರೂ ಸೋರತೈತಿ” ಅಂದ ಹುಡುಗ.

ಸೋರುವುದಕ್ಕೆ ಆ ಮೂರು ಸಲದ ಬಿಗಿತವೇ ಕಾರಣವಾಗಿತ್ತು.

ಕವರಿಗೆ ಇರುವವು ಎಂ6 ಬೋಲ್ಟ್‌ಗಳು, ಅಂದರೆ 6 ಮಿ.ಮೀ. ದಪ್ಪದವು. ಬೋಲ್ಟ್ ಉಕ್ಕಿನದು, ಅದು ಕೂರುವ ಥ್ರೆಡ್ ಅಲ್ಯುಮಿನಿಯಂನದು. ಜಗ್ಗಾಟದಲ್ಲಿ ಸಾಮಾನ್ಯವಾಗಿ ಸೋಲುವುದು ಅಲ್ಯುಮಿನಿಯಂ. ಇಂಥ ಬೋಲ್ಟ್‌ಗಳಿಗೆ ಸರ್ವಿಸ್ ಮ್ಯಾನ್ಯುವಲ್‌ಗಳು ಸಾಮಾನ್ಯವಾಗಿ ಹೇಳುವುದು 10 ನ್ಯೂಟನ್ ಮೀಟರ್ ಆಸುಪಾಸು. ಇದು ತಿರುಗಿಸುವ ಬಲದ ಅಳತೆ. ಅದೆಷ್ಟು ಬಲ? 13 ಸೆಂ.ಮೀ. ಉದ್ದದ ಪಾನಾದ ತುದಿಯಲ್ಲಿ ಸುಮಾರು 8 ಕೆಜಿ ತೂಕದಷ್ಟು ಜಗ್ಗು. ಅದೇ ಕೈ, ಅದೇ 8 ಕೆಜಿ, 25 ಸೆಂ.ಮೀ. ರ್‍ಯಾಚೆಟ್ ಹಿಡಿದರೆ 20 ನ್ಯೂಟನ್ ಮೀಟರ್‌ಗೆ ಹತ್ತಿರ. “ನನಗ ಕೈ ಅಂದಾಜ ಐತಿ” ಅನ್ನುವ ಹಳೆಯ ಮಿಸ್ತ್ರಿಗಳ ಅಂದಾಜು ಸುಳ್ಳಲ್ಲ. ಆದರೆ ಅದು ಅವರ ಆ ಒಂದು ಪಾನಾಕ್ಕೆ ಮಾತ್ರ ಸಲ್ಲುವ ಅಂದಾಜು. ಪಾನಾ ಬದಲಾದರೆ ಅದೂ ಕೆಡುತ್ತದೆ.

ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಬಿಚ್ಚಲು ಕೂತದ್ದು. ಮಳೆಗೆ ತುಕ್ಕು ಹಿಡಿದ ಬೋಲ್ಟಿನ ತಲೆಗೆ ಮೊದಲು ನೆಟ್ಟಗೆ ಒಂದು ಸಣ್ಣ ಸುತ್ತಿಗೆ ಏಟು, ಆಮೇಲೆ ಎದುರುಬದುರಾಗಿ ಅರ್ಧರ್ಧ ಸುತ್ತು ಸಡಿಲ. ಬೂಟಿನ ಡಬ್ಬಿಯ ರಟ್ಟಿನ ಮೇಲೆ ಕವರಿನ ಆಕಾರ ಬರೆದು, ತೂತು ಚುಚ್ಚಿ, ತೆಗೆದ ಬೋಲ್ಟನ್ನು ಆಯಾ ತೂತಿಗೇ ಸಿಕ್ಕಿಸಬೇಕು. ಎಲ್ಲ ಬೋಲ್ಟ್‌ಗಳ ತಲೆ ಒಂದೇ ಥರ ಇದ್ದರೂ ಉದ್ದ ಬೇರೆ ಬೇರೆ. ಈ ಬೈಕಿನಲ್ಲಿ ಹಿಂದೆ ಬಿಚ್ಚಿದವರು ಉದ್ದದ್ದನ್ನೂ ಗಿಡ್ಡದ್ದನ್ನೂ ಅದಲುಬದಲು ಮಾಡಿದ್ದರು. ಗಿಡ್ಡ ಬೋಲ್ಟ್ ಮೂರ್ನಾಲ್ಕು ಥ್ರೆಡ್ ಮಾತ್ರ ಹಿಡಿದು ಜೋತುಬಿದ್ದಿತ್ತು. ಅಲ್ಯುಮಿನಿಯಂನಲ್ಲಿ ಎಂ6 ಬೋಲ್ಟ್ 9ರಿಂದ 12 ಮಿ.ಮೀ. ಒಳಗೆ ಹೋಗಬೇಕು. ಉದ್ದದ್ದು ತೂತಿನ ತಳಕ್ಕೆ ಬಡಿದು ಬಿಗಿಯಾದ ಹಾಗೆ ನಟಿಸುತ್ತಿತ್ತು. ಕೈಗೆ ಟೈಟ್, ಕವರಿಗೆ ಹಿಡಿತವಿಲ್ಲ. ಗಿಡ್ಡದ್ದನ್ನು ತಿರುಗಿಸಿದಾಗ ಅದರ ಜೊತೆಗೆ ಅಲ್ಯುಮಿನಿಯಂ ಥ್ರೆಡ್ಡೇ ಸ್ಪ್ರಿಂಗಿನಂತೆ ಸುರುಳಿಯಾಗಿ ಹೊರಬಂತು. ಹಾಗೆ ಹೋದವು ಎರಡು.

ಇದಕ್ಕೆ ಎಂಸೀಲ್ ತುಂಬುವವರಿದ್ದಾರೆ. ಬೇಡ. ಹೆಲಿಕಾಯಿಲ್ ಹಾಕಬೇಕು, ಅಂದರೆ ಕೆಟ್ಟ ಥ್ರೆಡ್ಡಿನ ಜಾಗದಲ್ಲಿ ಹೊಸ ಥ್ರೆಡ್ಡಾಗಿ ಕೂರುವ ತಂತಿಯ ಸುರುಳಿ. ಎಂ6ಕ್ಕೆ 6.2 ಅಥವಾ 6.3 ಮಿ.ಮೀ. ಡ್ರಿಲ್, ಆಳದ ಗುರುತಿಗೆ ಬಿಟ್ಟಿಗೆ ಟೇಪ್, ಇಂಜಿನ್ ಬಾಯಿಗೆ ಸ್ವಚ್ಛ ಬಟ್ಟೆ. ಆಮೇಲೆ ಥ್ರೆಡ್ ಕೊರೆಯಲು ಕಿಟ್ಟಿನಲ್ಲೇ ಬರುವ ಟ್ಯಾಪ್; ಸಾದಾ ಎಂ6 ಟ್ಯಾಪ್ ಇಲ್ಲಿ ನಡೆಯುವುದಿಲ್ಲ. ಟ್ಯಾಪಿನ ಕಾಲುವೆಯಂಥ ಸಂದುಗಳಿಗೆ ಗ್ರೀಸ್ ಮೆತ್ತಿದರೆ ಚೂರುಗಳು ಅದಕ್ಕೇ ಅಂಟುತ್ತವೆ. ಸುರುಳಿಯನ್ನು ಮೇಲ್ಮೈಗಿಂತ ಅರ್ಧ ಸುತ್ತು ಕೆಳಗೆ ಕೂರಿಸಿ, ಅದರ ತುದಿಯ ಕೊಂಡಿಯನ್ನು ಮುರಿಯಬೇಕು. ಮುರಿದ ಕೊಂಡಿ ತೆಗೆಯಲು ಮ್ಯಾಗ್ನೆಟ್ ಹಿಡಿದು ಪರದಾಡುವವರು ಬಹಳ. ಅದು ಸ್ಟೇನ್‌ಲೆಸ್, ಮ್ಯಾಗ್ನೆಟ್ಟನ್ನು ನಂಬುವಂತಿಲ್ಲ. ಗ್ರೀಸ್ ಹಚ್ಚಿದ ಕಡ್ಡಿಗೆ ಬರುತ್ತದೆ.

ಕವರಿನ ಅಂಚಿಗೆ ಅಂಟಿದ ಹಳೆಯ ಪ್ಯಾಕಿಂಗನ್ನು (ಗ್ಯಾಸ್ಕೆಟ್) ಪ್ಲಾಸ್ಟಿಕ್ ತುಂಡಿನಿಂದ ಕೆರೆದದ್ದಾಯಿತು. ಚಾಣ ಹಿಡಿದರೆ ಗೀರು ಬೀಳುತ್ತದೆ. ಆ ಗೀರಿನಲ್ಲಿ ಆಯಿಲ್‌ಗೆ ಹೊಸ ದಾರಿ. ಪ್ರತಿ ತೂತಿಗೂ ಗಾಳಿ ಹೊಡೆದು ಒಳಗಿನ ಆಯಿಲ್ ತೆಗೆಯಬೇಕು. ತಳ ಮುಚ್ಚಿದ ತೂತಿನಲ್ಲಿ ಆಯಿಲ್ ಉಳಿದರೆ ಅದಕ್ಕೆ ಹೋಗಲು ಜಾಗವಿರದೆ, ಬೋಲ್ಟ್ ಒತ್ತಿದಂತೆ ಕೇಸಿಂಗೇ ಬಿರಿಯಬಹುದು.

“ಬೋಲ್ಟಿಗೆ ಸ್ವಲ್ಪ ಆಯಿಲ್ ಹಚ್ಚಿದ್ರ ಛಲೋ ಅಲ್ಲೇನ್ರಿ?” ಹುಡುಗನ ಪ್ರಶ್ನೆ ಸರಿಯಾದದ್ದೇ, ಉತ್ತರ ಮಾತ್ರ ಉದ್ದ.

ಬಿಗಿ ಮಾಡುವುದು ಅಂದರೆ ಬೋಲ್ಟನ್ನು ಕೂದಲೆಳೆಯಷ್ಟು ಜಗ್ಗುವುದು. ಜಗ್ಗಿದ ಬೋಲ್ಟ್ ಸ್ಪ್ರಿಂಗಿನಂತೆ ಹಿಂದಕ್ಕೆ ಎಳೆಯುತ್ತದೆ, ಕವರನ್ನು ಹಿಡಿದಿಡುವುದು ಆ ಎಳೆತ. ಟಾರ್ಕ್ ರೆಂಚ್, ಅಂದರೆ ಇಟ್ಟ ಅಂಕಿ ಮುಟ್ಟಿದಾಗ ಟಕ್ ಅನ್ನುವ ಪಾನಾ, ಆ ಎಳೆತವನ್ನು ಅಳೆಯುವುದಿಲ್ಲ. ತಿರುಗಿಸಲು ಬೇಕಾದ ಬಲವನ್ನಷ್ಟೇ ಅಳೆಯುತ್ತದೆ. ಆ ಬಲದಲ್ಲಿ ನೂರಕ್ಕೆ ಸುಮಾರು 90 ಪಾಲು ಬೋಲ್ಟಿನ ತಲೆಯ ಕೆಳಗೆ ಮತ್ತು ಥ್ರೆಡ್ಡಿನಲ್ಲಿ ತಿಕ್ಕಾಟಕ್ಕೇ ಖರ್ಚು, ಜಗ್ಗಲು ಉಳಿಯುವುದು ಹತ್ತೇ ಪಾಲು. ಆಯಿಲ್ ಬಿದ್ದರೆ ತಿಕ್ಕಾಟ ಇಳಿದು ಅದೇ 10 ನ್ಯೂಟನ್ ಮೀಟರ್‌ಗೆ ಬೋಲ್ಟ್ ಬಹಳ ಹೆಚ್ಚು ಜಗ್ಗಿಸಿಕೊಳ್ಳುತ್ತದೆ. ತುಕ್ಕು, ಮಣ್ಣು ಇದ್ದರೆ ಉಲ್ಟಾ: ರೆಂಚ್ ಟಕ್ ಅನ್ನುತ್ತದೆ, ಬೋಲ್ಟ್ ಜಗ್ಗಿರುವುದೇ ಇಲ್ಲ. ಹಾಗಾಗಿ ಮ್ಯಾನ್ಯುವಲ್ ಆಯಿಲ್ ಹಚ್ಚಿ ಅನ್ನದಿದ್ದರೆ ಒಣಗಿದ, ಸ್ವಚ್ಛ ಥ್ರೆಡ್. ಹಚ್ಚಿ ಅಂದಿದ್ದರೆ ಹಚ್ಚಲೇಬೇಕು.

ರೆಂಚನ್ನೂ ಕಣ್ಣು ಮುಚ್ಚಿ ನಂಬಬಾರದು. ಮೊದಲನೆಯ ಮಾತು, 40ರಿಂದ 210 ನ್ಯೂಟನ್ ಮೀಟರ್‌ನ ದೊಡ್ಡ ರೆಂಚಿನಲ್ಲಿ ಎಂ6 ಮುಟ್ಟುವಂತಿಲ್ಲ. 5ರಿಂದ 25ರ, ಕಾಲಿಂಚು ಚೌಕ ತುದಿಯದು ಬೇಕು. ಪರೀಕ್ಷೆಗೆ ನೀರಿನ ಕ್ಯಾನ್ ಸಾಕು. ರೆಂಚಿನ ಚೌಕ ತುದಿಯನ್ನು ವೈಸ್‌ನಲ್ಲಿ ಹಿಡಿಸಿ, ಹಿಡಿಕೆ ಅಡ್ಡಡ್ಡ ನೆಟ್ಟಗಿರಲಿ. ಗುರಿ 10ಕ್ಕೆ ಇಟ್ಟು, ಚೌಕ ತುದಿಯ ನಡುವಿನಿಂದ 20 ಸೆಂ.ಮೀ. ದೂರಕ್ಕೆ ಖಾಲಿ ಕ್ಯಾನ್ ತೂಗುಹಾಕಿ ನೀರು ಸುರಿಯುತ್ತಾ ಹೋಗಬೇಕು. ಲೆಕ್ಕಕ್ಕೆ 5.1 ಕೆಜಿ, ರೆಂಚಿನ ಸ್ವಂತ ಭಾರ ಸೇರುವುದರಿಂದ ಕ್ಯಾನಿನ ತೂಕ ಸಮೇತ 4.8 ಕೆಜಿ ಆಸುಪಾಸಿಗೆ ಟಕ್ ಅಂದರೆ ರೆಂಚ್ ನೆಟ್ಟಗಿದೆ. ಆವತ್ತು ನೆಟ್ಟಗಿತ್ತು.

ಹೊಸ ಪ್ಲೇಟ್‌ಗಳನ್ನು ಇಂಜಿನ್ ಆಯಿಲ್‌ನಲ್ಲಿ ನೆನೆಸಿ ಕೂರಿಸಿ, ಕ್ಲಚ್ ಸ್ಪ್ರಿಂಗ್ ಬೋಲ್ಟ್‌ಗಳನ್ನು ಎದುರುಬದುರು ಬಿಗಿದದ್ದು. ಹೊಸ ಪ್ಯಾಕಿಂಗ್, ಕವರನ್ನು ಸರಿಯಾದ ಜಾಗಕ್ಕೆ ಕೂರಿಸುವ ಎರಡು ಡೋವೆಲ್ ಪಿನ್, ಕವರ್. ಎಲ್ಲ ಬೋಲ್ಟ್ ಮೊದಲು ಬೆರಳಲ್ಲೇ ಕೊನೆತನಕ ಹೋಗಬೇಕು. ಹೋಗದಿದ್ದರೆ ಥ್ರೆಡ್ ಅಡ್ಡ ಹಿಡಿದಿದೆ. ಮೊದಲ ಸುತ್ತು 6ಕ್ಕೆ, ಎರಡನೆಯದು 10ಕ್ಕೆ, ಹಿಡಿಕೆಯ ನಡುಭಾಗ ಹಿಡಿದು ನಿಧಾನ. ಟಕ್.

“ಇನ್ನೊಂದ ಜಗ್ಗ ಜಗ್ರಿ ಕಾಕಾ, ಘಾಟಕ ಹೊಂಟೀನಿ.”

“ಮೂರ್ ಸಲ ಜಗ್ಸೀಯಲ್ಲೋ ತಮ್ಮಾ.”

ಎರಡನೆಯ ಟಕ್‌ಗೂ ಬೋಲ್ಟ್ ತುಸು ಮುಂದೆ ಹೋಗುತ್ತದೆ. ಹುಡುಗ ನಕ್ಕು ಸುಮ್ಮನಾದ.

ಚೋರ್ಲಾ ಘಾಟಿಗೆ ಹೊರಟವನ ಚೈನ್ ಬೇರೆ ಜೋತಿತ್ತು. ಹಿಂದಿನ ಎಕ್ಸಲ್ ನಟ್ಟಿಗೆ ಈಗ ದೊಡ್ಡ ರೆಂಚು, ಅಂಕಿ ಆ ಬೈಕಿನ ಮ್ಯಾನ್ಯುವಲ್‌ದು. ಹಿಂದೆ ಯಾರೋ ಪೈಪ್ ತೂರಿಸಿ ಜಗ್ಗಿದ್ದಕ್ಕೆ ನಟ್ಟಿನ ಮೂಲೆಗಳು ಸವೆದಿದ್ದವು, ನಟ್ಟಿನೊಳಗಿನ ನೈಲಾನ್ ಬಳೆಯ ಹಿಡಿತ ಹೋಗಿ ಬೆರಳಿಗೇ ತಿರುಗುತ್ತಿತ್ತು. ಹೊಸ ನಟ್ ಹಾಕಿದ್ದಾಯಿತು. ನಟ್ ಬಿಗಿದಾಗ ಚಕ್ರ ತುಸು ಸರಿದು ಚೈನ್ ಮತ್ತೆ ಬಿಗಿಯಾಗಿತ್ತು. ಸಡಿಲಿಸಿ, ಹೊಂದಿಸಿ, ಮತ್ತೆ ಬಿಗಿದು, ಮತ್ತೆ ಅಳೆದೆವು. ನಟ್ಟಿನಿಂದ ಸ್ವಿಂಗ್ ಆರ್ಮ್‌ವರೆಗೆ ಬಿಳಿ ಪೇಂಟಿನ ಒಂದು ಗೆರೆ ಎಳೆದು, ರೆಂಚನ್ನು ಅದರ ಕನಿಷ್ಠ ಅಂಕಿಗೆ ಇಳಿಸಿ ಪೆಟ್ಟಿಗೆಗೆ ಹಾಕುವ ಹೊತ್ತಿಗೆ ಮಳೆಯೂ ಹೊಳವಾಗಿತ್ತು.