ಕಟ್ಟು ಅಂದರೆ ಕಟ್ಟಬೇಕು, ತಟ್ಟು ಅಂದರೆ ತಟ್ಟಬೇಕು

ಎರಡನೇ ಕ್ಲಾಸಿನ ಆ ಹುಡುಗನ ಬಾಯಲ್ಲಿ ಕಾಗೆ ‘ತಾದೆ’ ಆಗುತ್ತಿತ್ತು, ಕಾಯಿ ‘ತಾಯಿ’ ಆಗುತ್ತಿತ್ತು. ಮಾತು ಕಲಿಯುವ ಹೊಸತರಲ್ಲಿ ಎಷ್ಟೋ ಮಕ್ಕಳು ಹೀಗೆ ಅನ್ನುತ್ತಾರೆ. ಸಾಮಾನ್ಯವಾಗಿ 4 ವರ್ಷದ ಹೊತ್ತಿಗೆ ತಾನಾಗಿಯೇ ಸರಿಹೋಗುತ್ತದೆ. ಇವನಿಗೆ 7 ಆಗಿತ್ತು. ಕಿವಿ ಪರೀಕ್ಷೆ ಮಾಡಿಸಿದ್ದೆವು, ಅದರಲ್ಲಿ ತೊಂದರೆ ಇರಲಿಲ್ಲ.

ಮಕ್ಕಳ ಉಚ್ಚಾರಣೆ ಸರಿಪಡಿಸುವುದು ನನ್ನ ಕೆಲಸ. ಆದರೆ ಮೊದಲ ಮೂರು ವಾರ ತಪ್ಪು ಮಾಡಿದ್ದು ನಾನು. ಕಾರ್ಡ್ ತೋರಿಸುವುದು, ‘ಇನ್ನೊಂದು ಸಲ ಹೇಳು’ ಅನ್ನುವುದು. ಅವನು ಹೇಳುತ್ತಿದ್ದ, ನಾನು ಅಲ್ಲ ಅಂತ ತಲೆಯಾಡಿಸುತ್ತಿದ್ದೆ. ನಾಲ್ಕನೇ ವಾರ ಅವನು ಬಾಯಿಯೇ ತೆರೆಯಲಿಲ್ಲ. ಕಾರ್ಡಿನ ಮೂಲೆ ಮಡಿಸುತ್ತಾ ಸುಮ್ನೆ ಕೂತ.

ಕಾರ್ಡ್ ಎತ್ತಿಟ್ಟು ಬ್ಲಾಕ್ ತಂದೆ. ಮೊದಲು ಬರೀ ಕೇಳುವ ಆಟ. ನಾನು ‘ಕಟ್ಟು’ ಅಂದರೆ ಬ್ಲಾಕ್ ಇಡಬೇಕು, ‘ತಟ್ಟು’ ಅಂದರೆ ಚಪ್ಪಾಳೆ. ಒಂದು ಸಲವೂ ತಪ್ಪಲಿಲ್ಲ! ಕಿವಿಗೆ ಗೊತ್ತಿತ್ತು, ನಾಲಿಗೆಗೆ ಗೊತ್ತಿರಲಿಲ್ಲ. ನಾಲಿಗೆಯ ಹಿಂಬದಿ ಎದ್ದು ಮೆತ್ತನೆಯ ಅಂಗುಳಕ್ಕೆ ತಾಗಿದರೆ ‘ಕ’ ಬರುತ್ತದೆ. ಇವನ ನಾಲಿಗೆಯ ತುದಿ ಮುಂದೆ ಹೋಗಿ ಹಲ್ಲಿಗೆ ಅಂಟುತ್ತಿತ್ತು. ಚಾಪೆಯ ಮೇಲೆ ಅಂಗಾತ ಮಲಗಿಸಿದೆ. ಹಾಗೆ ಮಲಗಿದರೆ ನಾಲಿಗೆ ಹಿಂದಕ್ಕೆ ಜಾರುತ್ತದೆ. ಕೈ ತೊಳೆದುಕೊಂಡು ಬಂದು, ತನ್ನ ಬೆರಳಿನಿಂದಲೇ ನಾಲಿಗೆಯ ತುದಿ ಒತ್ತಿ ಹಿಡಿದ. ಕೆಮ್ಮಿದ ಹಾಗೆ ಒಂದು ಸದ್ದು ಬಂತು. ನಮಗೆ ಬೇಕಾಗಿದ್ದೂ ಅದೇ. ಎರಡು ವಾರ ಆ ಸದ್ದು, ಆಮೇಲೆ ಕಾ, ಕೀ, ಕೂ.

ಕ್ಲಾಸ್ ಟೀಚರ್ ಹತ್ತಿರ ಒಂದೇ ಒಂದು ಕೇಳಿಕೊಂಡೆ. ತಪ್ಪಿದಾಗ ಎಲ್ಲರೆದುರು ತಿದ್ದಬೇಡಿ, ಅದೇ ಮಾತನ್ನು ನೀವು ಸರಿಯಾಗಿ ಹೇಳಿ ಮುಂದಕ್ಕೆ ಹೋಗಿ. ಮನೆಯವರಿಗೂ ಅದನ್ನೇ ಹೇಳಿದೆ. ಜೊತೆಗೆ ದಿನಕ್ಕೆ 5 ನಿಮಿಷ ಆಟ, ಅಷ್ಟೇ.

ಆ ಗುರುವಾರ ಆಟ ತಿರುಗಿಸಿದೆ. ‘ಇವತ್ತು ನೀನು ಹೇಳು, ನಾನು ಮಾಡ್ತೀನಿ.’

‘ತಟ್ಟು’ ಅಂದ. ಚಪ್ಪಾಳೆ ತಟ್ಟಿದೆ. ಬ್ಲಾಕ್ ಕಡೆ ಕೈ ತೋರಿಸಿ ಜೋರಾಗಿ ‘ತಟ್ಟು!’ ಅಂದ. ನಾನೂ ಜೋರಾಗಿ ತಟ್ಟಿದೆ. ನನ್ನ ಕೈಗಳನ್ನೇ ನೋಡಿದ. ನಾನೇನೂ ಹೇಳಲಿಲ್ಲ, ಮನಸ್ಸಿನಲ್ಲೇ ಹತ್ತರವರೆಗೆ ಎಣಿಸತೊಡಗಿದೆ. ಈ ಕಾಯುವುದಿದೆಯಲ್ಲ, ನಮ್ಮ ಕೆಲಸದಲ್ಲಿ ಅದೇ ಎಲ್ಲಕ್ಕಿಂತ ಕಷ್ಟ. ಎಂಟಕ್ಕೆ ಬಂದಿದ್ದೆ. ಅವನು ಬೆರಳು ಬಾಯಿಗೆ ಹಾಕಿ ನಾಲಿಗೆ ಒತ್ತಿಕೊಂಡ.

‘ಕ... ಅಟ್ಟು.’

ಬ್ಲಾಕ್ ಇಟ್ಟೆ. ಅವನ ಕಣ್ಣು ಅಷ್ಟಗಲ ಆಯಿತು. ಮುಂದಿನ 20 ನಿಮಿಷ ನನಗೆ ಪುರುಸೊತ್ತೇ ಕೊಡಲಿಲ್ಲ. ಗೋಪುರ ಬಿತ್ತು, ಮತ್ತೆ ಕಟ್ಟಿಸಿದ. 60ರವರೆಗೆ ಲೆಕ್ಕ ಇಟ್ಟೆ, ಆಮೇಲೆ ತಪ್ಪಿಹೋಯಿತು. ಕಾರ್ಡ್ ನೋಡಿಕೊಂಡು ಅಷ್ಟು ಸಲ ಯಾವ ಮಗು ಹೇಳುತ್ತೆ, ಅಲ್ವಾ? ಬೆರಳು ಬಾಯಿಗೆ ಹೋಗುವುದು ಯಾವಾಗ ನಿಂತಿತೋ ಇಬ್ಬರಿಗೂ ಗೊತ್ತಾಗಲಿಲ್ಲ.

ಬೆಲ್ ಹೊಡೆಯಿತು. ಬಾಗಿಲವರೆಗೆ ಓಡಿದವನು ತಿರುಗಿ ನಿಂತ.

‘ಮಿಸ್, ಮುಂದಿನ ಸಲಾನೂ ತಟ್ಟೋಣ್ವಾ?’

‘ಹೂಂ ಕಣೋ, ಮುಂದಿನ ಸಲಾನೂ ಕಟ್ಟೋಣ.’