ಟಾರು ಹಾಕಿ ಕೆಡಿಸಿದ ಬೆಟ್ಟ

"ಟಾರು ಹಾಕಿ ಕೆಡಿಸಿಬಿಟ್ಟರು" ಎಂದರು ನೆರೆಮನೆಯ ಅಜ್ಜ. ಬೆಟ್ಟದ ತುದಿಗೆ ಹತ್ತುವ ಜೂನ್ ತಿಂಗಳ ಕಾರು ಓಟಕ್ಕೆ ಊರು ಸಜ್ಜಾಗುತ್ತಿದ್ದ ವಾರ ಅದು. ಬೇಲಿಯ ಆಚೆ ನಿಂತು, ಪೈಕ್ಸ್ ಪೀಕ್ ಬೆಟ್ಟದ ಕಡೆ ಗಡ್ಡ ಎತ್ತಿ ತೋರಿಸುತ್ತ, ಮನೆಯವರನ್ನೇ ಕಳೆದುಕೊಂಡವರ ಹಾಗೆ ಮುಖ ಮಾಡಿಕೊಂಡು ಹೇಳಿದರು. ನನಗೆ ನಗು ಬಂತು. ಅದರ ಬೆನ್ನಿಗೇ ಸಣ್ಣ ಸಿಟ್ಟೂ ಬಂತು. ಮೂಡಿಗೆರೆ ತಾಲ್ಲೂಕಿನ ಮಣ್ಣು ರಸ್ತೆಯ ಕೊನೆಯ ಮನೆಯಲ್ಲಿ ಬೆಳೆದವನ ಮುಂದೆ ನಿಂತು ಟಾರಿನ ಮೇಲೆ ದೂರು ಹೇಳುವುದೆಂದರೆ!

ನಾವಿರುವ ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್ ಊರೇ ಹೆಚ್ಚೂಕಡಿಮೆ ನಮ್ಮ ಮುಳ್ಳಯ್ಯನಗಿರಿಯ ತುದಿಯಷ್ಟು ಎತ್ತರದಲ್ಲಿದೆ. ಓಟ ಶುರುವಾಗುವುದು ಅದಕ್ಕೂ ಮೇಲೆ, 9,390 ಅಡಿಯಲ್ಲಿ. ಮುಗಿಯುವುದು 14,115 ಅಡಿಯ ನೆತ್ತಿಯಲ್ಲಿ. ನಡುವೆ ಸುಮಾರು 20 ಕಿಲೋಮೀಟರ್ ರಸ್ತೆ, 156 ತಿರುವುಗಳು. ಮರಗಳು ಮುಗಿದ ಮೇಲೆ ಬರೀ ಬಂಡೆ ಮತ್ತು ಆಕಾಶ. ಬಹುಪಾಲು ಕಡೆ ತಡೆಗೋಡೆಯೂ ಇಲ್ಲ. ತುದಿಯ ಗಾಳಿಯಲ್ಲಿ ಆಮ್ಲಜನಕ ಸಮುದ್ರಮಟ್ಟದಲ್ಲಿ ಇರುವುದರ ನೂರಕ್ಕೆ ಅರುವತ್ತು ಪಾಲು ಮಾತ್ರ. ಚಾಲಕನಿಗೂ ಏದುಸಿರು, ಎಂಜಿನ್ನಿಗೂ ಏದುಸಿರು. ಕೆಳಗೆ ಹುಲಿಯಂತೆ ಹೊರಟ ಕಾರು ಮೇಲೆ ಹೋಗುತ್ತಾ ಹೋಗುತ್ತಾ ತನ್ನ ಶಕ್ತಿಯ ಮೂರನೇ ಒಂದು ಭಾಗವನ್ನೋ ಇನ್ನೂ ಹೆಚ್ಚನ್ನೋ ಕಳೆದುಕೊಂಡಿರುತ್ತದೆ.

ಈ ಓಟ ಹುಟ್ಟಿದ್ದು ಕ್ರೀಡಾಪ್ರೇಮದಿಂದಲ್ಲ, ಶುದ್ಧ ವ್ಯಾಪಾರಬುದ್ಧಿಯಿಂದ. ಸ್ಪೆನ್ಸರ್ ಪೆನ್ರೋಸ್ ಎಂಬ ಶ್ರೀಮಂತ ಚಿನ್ನ ಮತ್ತು ತಾಮ್ರದ ಗಣಿಗಳಲ್ಲಿ ದುಡಿದ ಹಣದಿಂದ ಬೆಟ್ಟದ ತುದಿಯವರೆಗೆ ಮೋಟಾರು ರಸ್ತೆ ಮಾಡಿಸಿದ. ಸುಂಕ ಕೊಟ್ಟು ಹತ್ತುವ ಜನ ಬೇಕಲ್ಲ? ಅವರನ್ನು ಸೆಳೆಯಲು 1916ರಲ್ಲಿ ಓಟ ಏರ್ಪಡಿಸಿದ. ಆಗಿನ ದೊಡ್ಡ ಹೆಸರು ಬಾರ್ನಿ ಓಲ್ಡ್‌ಫೀಲ್ಡ್ ಕೂಡ ಬಂದಿದ್ದ. ಗೆದ್ದವನು ಮಾತ್ರ ರೇ ಲೆಂಟ್ಜ್. ತೆಗೆದುಕೊಂಡ ಸಮಯ 20 ನಿಮಿಷ 55 ಸೆಕೆಂಡು. ಜಾಹೀರಾತಿಗೆಂದು ಹುಟ್ಟಿದ್ದು ಎರಡು ಮಹಾಯುದ್ಧಗಳ ಕಾಲದಲ್ಲಿ ನಿಂತು, ಮತ್ತೆ ಎದ್ದು, ನೂರು ವರ್ಷ ದಾಟಿತು. ಪೆನ್ರೋಸನ ಸುಂಕದ ರಸ್ತೆ ಈಗ ನಗರಾಡಳಿತದ್ದು; ಸುಂಕ ಈಗಲೂ ಇದೆ.

ಅಜ್ಜನ ಬೆಟ್ಟ ಜಲ್ಲಿಯ ಕಾಲದ್ದು. ಎಷ್ಟೋ ವರ್ಷ ಸ್ವಯಂಸೇವಕರಾಗಿ ತಿರುವಿನಲ್ಲಿ ಬಾವುಟ ಹಿಡಿದು ನಿಂತವರು. ಅವರ ಹಳೆಯ ಥರ್ಮಾಸ್ ಫ್ಲಾಸ್ಕಿನ ಮೈಮೇಲೆ ಹೆಬ್ಬೆರಳು ಕೂರುವಷ್ಟು ತಗ್ಗೊಂದಿದೆ. ತಿರುವಿನಲ್ಲಿ ಅಡ್ಡಡ್ಡ ಜಾರುತ್ತ ಹೋದ ಕಾರೊಂದರ ಹಿಂದಿನ ಚಕ್ರ ಎಸೆದ ಗುಲಾಬಿ ಬಣ್ಣದ ಗ್ರಾನೈಟ್ ಚೂರು ಮಾಡಿದ ಗಾಯ. ಯಾವ ಚಾಲಕನ ಕಾರು ಎಂಬುದರಲ್ಲಿ ಕಥೆ ಹೇಳಿದಾಗಲೆಲ್ಲ ಬದಲಾವಣೆ ಇರುತ್ತದೆ. ಒಮ್ಮೆ ಬಾಬಿ ಅನ್ಸರ್, ಒಮ್ಮೆ ಅವನ ತಮ್ಮ ಆಲ್. ಅನ್ಸರ್ ಮನೆತನಕ್ಕೆ ಈ ಬೆಟ್ಟ ಪಿತ್ರಾರ್ಜಿತ ಆಸ್ತಿಯಿದ್ದಂತೆ. ಇವರ ಅಪ್ಪನ ಸೋದರ ಲೂಯಿ ಒಂಬತ್ತು ಸಲ ಗೆದ್ದ. ಬಾಬಿ ಎಲ್ಲ ವರ್ಗದವರನ್ನೂ ಮೀರಿಸಿ ಒಟ್ಟಾರೆ ಮೊದಲ ಸ್ಥಾನವನ್ನೇ ಹತ್ತು ಸಲ ಪಡೆದ.

ಆ ಆಸ್ತಿಗೆ 1985ರಲ್ಲಿ ಕೈಹಾಕಿದವಳು ಫ್ರಾನ್ಸಿನ ಮಿಶೆಲ್ ಮೂಟೋ. ಆಡಿ ಕ್ವಾಟ್ರೊ ಕಾರಿನಲ್ಲಿ 11 ನಿಮಿಷ 25 ಸೆಕೆಂಡಿನಲ್ಲಿ ಹತ್ತಿ, ಆಲ್‌ನ ಮಗ ಬರೆದಿದ್ದ ದಾಖಲೆಯನ್ನೇ ಅಳಿಸಿದಳು. ಒಟ್ಟಾರೆ ಗೆದ್ದ ಮೊದಲ ಹೆಂಗಸು. ಅನ್ಸರ್ ಮನೆಯವರಿಗೆ ಅದು ಸಹಿಸಲಾಗಲಿಲ್ಲವೋ ಏನೋ, ಮಾರನೆಯ ವರ್ಷವೇ 52ರ ಬಾಬಿ ಅದೇ ಆಡಿ ಕಂಪನಿಯ ಕಾರು ಏರಿ ಬಂದು 11 ನಿಮಿಷ 9 ಸೆಕೆಂಡಿನಲ್ಲಿ ಲೆಕ್ಕ ಚುಕ್ತಾ ಮಾಡಿದ. ಅಜ್ಜ ಈ ಕಥೆ ಹೇಳುವಾಗ ಬಾಬಿಯ ಪರ. ನಾನು ಮೂಟೋ ಪರ. ಇದರ ಮೇಲೆ ನಮ್ಮಿಬ್ಬರಲ್ಲಿ ಹಲವು ಸಂಜೆಗಳು ಕಳೆದಿವೆ.

ಆದರೆ ಟಾರಿನ ವಿಷಯದಲ್ಲಿ ನನಗೆ ಅಷ್ಟು ಸುಲಭವಾಗಿ ನಗಲಾಗಲಿಲ್ಲ. ನಮ್ಮ ಮನೆಗೆ ಹೋಗುವ ರಸ್ತೆಯಲ್ಲಿ ಮಳೆಗಾಲ ಬಂತೆಂದರೆ ಜೀಪಿನ ಚಕ್ರಗಳಿಗೆ ಕಬ್ಬಿಣದ ಸರಪಳಿ ಸುತ್ತುತ್ತಿದ್ದರು. ಆ ಸರಪಳಿಯ ಝಣಝಣ ಕೇಳಿದರೆ ಇಂಥವರ ಜೀಪು ಎಂದು ಅಮ್ಮ ಒಳಗಿನಿಂದಲೇ ಹೇಳುತ್ತಿದ್ದಳು. ಆಷಾಢದಲ್ಲಿ ದೊಡ್ಡಪ್ಪನಿಗೆ ಎದೆನೋವು ಬಂದಾಗ ಜೀಪೂ ಹೂತುಕೊಂಡು, ಕುರ್ಚಿಗೆ ಗಳ ಕಟ್ಟಿ ಮುಖ್ಯ ರಸ್ತೆಯವರೆಗೆ ಹೊತ್ತುಕೊಂಡು ಹೋಗಿದ್ದರು. ದೊಡ್ಡಪ್ಪ ಬದುಕಿದರು. ಮುಂದಿನ ಚುನಾವಣೆಗೆ ಟಾರು ಬಂತು. ಅದರ ಮುಂದಿನ ಮಳೆಗೆ ಟಾರು ಹೋಯಿತು.

ಇದನ್ನೆಲ್ಲ ಅಜ್ಜನಿಗೆ ತುಸು ಖಾರವಾಗಿಯೇ ಹೇಳಿದೆ. ಅವರು ತಲೆಯಾಡಿಸಿ, "ನಮಗೆ ಟಾರು ಬೇಕೆಂದು ಓಡಾಡುವವರು ಕೇಳಿದ್ದಲ್ಲ, ಹೊಳೆಗಳು ಕೇಳಿದ್ದು" ಎಂದರು. ವಿಷಯ ಹೀಗಿದೆ: ವರ್ಷವರ್ಷವೂ ರಸ್ತೆಗೆ ಸುರಿದ ಜಲ್ಲಿ ಮಳೆಗೆ, ಕರಗಿದ ಹಿಮಕ್ಕೆ ಕೊಚ್ಚಿಹೋಗಿ ಕೆಳಗಿನ ತೊರೆಗಳನ್ನೂ ಜೌಗುನೆಲವನ್ನೂ ಜಲಾಶಯಗಳನ್ನೂ ತುಂಬುತ್ತಿತ್ತು. ಸಿಯೆರಾ ಕ್ಲಬ್ ಎಂಬ ಪರಿಸರ ಸಂಘಟನೆ 1990ರ ದಶಕದ ಕೊನೆಯಲ್ಲಿ ನಗರಾಡಳಿತದ ಮೇಲೆಯೇ ಮೊಕದ್ದಮೆ ಹೂಡಿತು. ರಾಜಿಯಾಯಿತು, ಹಂತ ಹಂತವಾಗಿ ಟಾರು ಹಾಕುತ್ತ ಬಂದು 2011ರಲ್ಲಿ ಮುಗಿಸಿದರು. "ಆ ಸಂಘಟನೆಗೆ ವರ್ಷವರ್ಷ ಚಂದಾ ಕಟ್ಟುತ್ತಿದ್ದವಳು ನನ್ನ ಹೆಂಡತಿಯೇ" ಎಂದು ಅಜ್ಜ ಸೇರಿಸಿದರು. ಓಟದ ವಾರದಲ್ಲಿ ಅವರಿಬ್ಬರಿಗೂ ಮಾತು ಇರುತ್ತಿರಲಿಲ್ಲವಂತೆ.

ಟಾರಿನ ಮೇಲೆ ದಾಖಲೆಗಳು ಪುಡಿಪುಡಿಯಾದವು. ಜಪಾನಿನ ನೊಬುಹಿರೊ ತಾಜಿಮಾ 2011ರಲ್ಲಿ, ಸ್ವಲ್ಪ ಭಾಗ ಇನ್ನೂ ಜಲ್ಲಿಯಿದ್ದಾಗಲೇ, ಹತ್ತು ನಿಮಿಷದ ಗೋಡೆ ಒಡೆದ. 2013ರಲ್ಲಿ ಸೆಬಾಸ್ಟಿಯನ್ ಲೋಬ್ 8 ನಿಮಿಷ 13 ಸೆಕೆಂಡಿಗೆ ಇಳಿಸಿದ. 2018ರಲ್ಲಿ ರೊಮೇ ದ್ಯೂಮಾ ಫೋಕ್ಸ್‌ವ್ಯಾಗನ್‌ನ ವಿದ್ಯುತ್ ಕಾರಿನಲ್ಲಿ 7 ನಿಮಿಷ 57 ಸೆಕೆಂಡು. ವಿದ್ಯುತ್ ಕಾರಿಗೆ ಗಾಳಿಯ ಹಂಗಿಲ್ಲವಲ್ಲ, ಮೇಲೆ ಹೋದರೂ ಅದೇ ಬಲ. ಸದ್ದಿಲ್ಲದೆ ಬರುತ್ತದೆಂದು ಅದಕ್ಕೆ ಸೈರನ್ ಕಡ್ಡಾಯ ಮಾಡಿದ್ದಾರೆ. ಬೆಟ್ಟದ ಮೇಲೆ ಆಂಬುಲೆನ್ಸ್ ಬಂದ ಹಾಗೆ ಕೇಳುತ್ತದೆ. "ಉಸಿರೇ ಆಡದವರು ಓಡಿದರೆ ಅದು ಮೋಸ ಅಲ್ಲವಾ ಅಪ್ಪಾ?" ಎಂದು ಮಗಳು ಕೇಳಿದಳು. ಅಜ್ಜನಿಗೆ ಅವಳ ಮೇಲೆ ಪ್ರೀತಿ ಉಕ್ಕಿತು.

ಟಾರು ಬಂದ ಮೇಲೆ ವೇಗ ಹೆಚ್ಚಿತು. ಎತ್ತರದ ಭಾಗದಲ್ಲಿ ನೆಲ ಹೆಪ್ಪುಗಟ್ಟಿ, ಕರಗಿ ಟಾರನ್ನು ಅಲ್ಲಲ್ಲಿ ಉಬ್ಬಿಸುತ್ತದೆ. 2019ರಲ್ಲಿ ಕಾರ್ಲಿನ್ ಡನ್ ಎಂಬ ಪ್ರತಿಭಾವಂತ ಬೈಕ್ ಸವಾರ ಗುರಿ ಇನ್ನೇನು ಕೈಗೆಟಕಿತು ಎನ್ನುವಲ್ಲಿ ಬಿದ್ದು ತೀರಿಕೊಂಡ. ಅಲ್ಲಿಂದೀಚೆ ಬೈಕುಗಳಿಗೆ ಈ ಓಟದಲ್ಲಿ ಜಾಗವಿಲ್ಲ. ಅದರ ಬಗ್ಗೆ ಅಜ್ಜ ಹೆಚ್ಚು ಮಾತಾಡುವುದಿಲ್ಲ.

ನನ್ನ ತಲೆಯಲ್ಲಿ ಉಳಿದದ್ದು ಮೊಕದ್ದಮೆ. ಒಂದು ಊರಿನ ಜನ ತಮ್ಮ ಹೆಮ್ಮೆಯ ರಸ್ತೆಯಿಂದ ಜಾರುವ ಜಲ್ಲಿ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರು, ಊರು ಉತ್ತರ ಕೊಡಬೇಕಾಯಿತು. 2019ರ ಆಗಸ್ಟಿನಲ್ಲಿ ಚಾರ್ಮಾಡಿ ಘಾಟಿ ಅಲ್ಲಲ್ಲಿ ಕುಸಿದು ಬಿದ್ದಾಗ ನಾನು ರಜೆಯ ಮೇಲೆ ಊರಿನಲ್ಲಿದ್ದೆ. ರಸ್ತೆಗೆ ಬಿದ್ದ ಮಣ್ಣನ್ನು ಯಂತ್ರಗಳು ತಳ್ಳಿದ್ದು ಇನ್ನೊಂದು ಬದಿಯ ಕಣಿವೆಗೆ. ಅಲ್ಲಿಂದ ಅದು ಹೊಳೆ ಸೇರಿ ನೇತ್ರಾವತಿಗೆ ಹೋಗಿರಬೇಕು. ಚಹಾದಂಗಡಿಯಲ್ಲಿ ನಮ್ಮೆಲ್ಲರ ಪ್ರಶ್ನೆ ಒಂದೇ: ಬಸ್ಸು ಯಾವಾಗ ಬಿಡುತ್ತಾರೆ? ಮಲೆನಾಡಿನಲ್ಲಿ ಕೇಳುವವರು ಇಲ್ಲವೆಂದಲ್ಲ. ನ್ಯಾಯಾಲಯದ ಮೆಟ್ಟಿಲು ಸವೆಸಿದವರಿದ್ದಾರೆ. ಅವರಿಗೆ ನಾವು ಇಟ್ಟ ಹೆಸರು ಅಭಿವೃದ್ಧಿ ವಿರೋಧಿ. ವಾರದ ಕೊನೆಗೆ ಜೀಪುಗಳಲ್ಲಿ ಬಂದು ಶೋಲಾ ಕಾಡಿನ ಹುಲ್ಲುಗುಡ್ಡಗಳನ್ನು ಉತ್ತು ಹೋಗುವವರಿಗೆ ಇಟ್ಟಿರುವ ಹೆಸರು ಪ್ರವಾಸಿಗರು. ಕುರ್ಚಿಯಲ್ಲಿ ಹೊತ್ತೊಯ್ದ ದೊಡ್ಡಪ್ಪನನ್ನು ನೆನೆದರೆ ಮಾತ್ರ ನನ್ನ ಈ ಭಾಷಣ ನನಗೇ ಸ್ವಲ್ಪ ಸಡಿಲವಾಗುತ್ತದೆ.

ಓಟದ ದಿನ ನಸುಕಿಗೆ ಮುಂಚೆಯೇ ಹತ್ತಿ ಕುಳಿತಿದ್ದೆವು. ರಸ್ತೆ ಮುಚ್ಚಿದ ಮೇಲೆ ಕೊನೆಯ ಕಾರು ಹೋಗುವವರೆಗೆ ಯಾರೂ ಇಳಿಯುವಂತಿಲ್ಲ. ಸಂಜೆ ಮೊಬೈಲಿನಲ್ಲಿ ಅಮ್ಮನಿಗೆ ವಿಡಿಯೊ ತೋರಿಸಿದೆ. ಕಾರುಗಳನ್ನು ಅವಳು ನೋಡಲೇ ಇಲ್ಲ, ರಸ್ತೆಯನ್ನೇ ನೋಡಿದಳು.

"ಇಷ್ಟು ಒಳ್ಳೆಯ ರಸ್ತೆ ಇದೆ, ತುದಿಗೆ ಬಸ್ಸು ಬಿಟ್ಟಿಲ್ಲವೇನೋ?"

"ಬಸ್ಸು ಯಾಕಮ್ಮ, 1891ರಿಂದ ರೈಲೇ ಇದೆ."

ಅಮ್ಮ ಸ್ವಲ್ಪ ಹೊತ್ತು ಯೋಚಿಸಿದಳು. "ಮತ್ತೆ ಆ ಕಾರಿನವರಿಗೆ ಯಾರೂ ಹೇಳಿಲ್ಲವೇ?"