ನಿಲ್ಲಿಸಿ ನೋಡಿದ ಬಿ.ಪಿ.

ಮಧುಗಿರಿ ಕಡೆಯ ಹಳ್ಳಿ. ಬೆಳಗಿನ ಹತ್ತು ಗಂಟೆ. 74 ವರ್ಷದ ಅಜ್ಜಿ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದರು. ಎಡಹುಬ್ಬಿನ ಮೇಲೆ ಏಟಿನ ಕಲೆ ಆಗಲೇ ಹಳದಿಗೆ ತಿರುಗಿತ್ತು. ಅಂದರೆ ಪೆಟ್ಟು ಬಿದ್ದು ಕೆಲವು ದಿನಗಳೇ ಆಗಿವೆ.

ಆಶಾ ಕಾರ್ಯಕರ್ತೆಯ ಕೈಯಲ್ಲಿದ್ದ ಸಿಬ್ಯಾಕ್ ನಮೂನೆಯಲ್ಲಿ (ಮನೆಮನೆಗೆ ಹೋಗಿ ಕಾಯಿಲೆಗಳ ಅಪಾಯ ಗುರುತಿಸಲು ತುಂಬುವ ಪ್ರಶ್ನಾವಳಿ) 60 ದಾಟಿದವರಿಗೆಂದೇ ಪ್ರತ್ಯೇಕ ಪ್ರಶ್ನೆಗಳಿವೆ. ನಿಂತಾಗ, ನಡೆಯುವಾಗ ಅಸ್ಥಿರ ಅನಿಸುತ್ತದೆಯೇ ಎಂಬುದು ಅವುಗಳಲ್ಲೊಂದು. ಈ ಅಜ್ಜಿಯ ಹಾಳೆಯಲ್ಲಿ ಅದರ ಮುಂದೆ ‘ಇಲ್ಲ’ ಎಂದಿತ್ತು. ಆಶಾ ಅಕ್ಕನ ತಪ್ಪೇನಿಲ್ಲ. ‘ಅಸ್ಥಿರ’ ಎನ್ನುವ ಮಾತು ಆ ಮನೆಯಲ್ಲಿ ಯಾರ ಬಾಯಲ್ಲೂ ಓಡಾಡುವುದಿಲ್ಲ. “ಬಿದ್ದಿದ್ರಾ ಅಜ್ಜಿ?” ಎಂದು ಮನೆ ಭೇಟಿಗೆ ಹೋದ ನರ್ಸ್ ಕೇಳಿದರೂ “ಇಲ್ಲ ಕಣಮ್ಮ” ಎಂದೇ ಉತ್ತರ. ಅವರ ಲೆಕ್ಕದಲ್ಲಿ ಬೀಳುವುದೆಂದರೆ ಮೂಳೆ ಮುರಿದು ಆಸ್ಪತ್ರೆ ಸೇರುವುದು. “ಬವಳಿ ಬರುತ್ತಾ? ಕಣ್ಣು ಕತ್ತಲೆ ಕಟ್ಟುತ್ತಾ? ಗೋಡೆ ಹಿಡ್ಕೋಬೇಕು ಅನ್ಸುತ್ತಾ?” ಎಂದಾಗ ಬಾಯಿ ಬಿಟ್ಟರು: “ಬತ್ತದೆ. ಕೋಳಿ ಕೂಗೋ ಹೊತ್ನಲ್ಲಿ ಎದ್ರೆ ಬತ್ತದೆ. ಬಚ್ಚಲ ತಾವ ಎಲ್ಡು ಸಲ ಜಾರ್ದೆ, ಅಷ್ಟೇಯ.”

ವಯಸ್ಸಾದವರ ತಪಾಸಣೆಯಲ್ಲಿ ಎಲ್ಲಕ್ಕಿಂತ ಮೊದಲು ಹಿಡಿಯಬೇಕಾದ ಎಳೆ ಇದೇ. ಬಿದ್ದದ್ದು ಒಂದು ಕಾಯಿಲೆಯಲ್ಲ. ಅದರ ಹಿಂದೆ ನಾಲ್ಕೈದು ಕಾರಣಗಳು ಒಂದರ ಮೇಲೊಂದು ಕೂತಿರುತ್ತವೆ. ‘ವಯಸ್ಸಾಯ್ತು’ ಎಂದು ಬರೆದು ಮುಂದಿನ ಮನೆಗೆ ಹೋದರೆ ಆ ಕಾರಣಗಳೆಲ್ಲ ಹಾಗೇ ಉಳಿದು, ಮೂರನೆಯ ಸಲಕ್ಕೆ ಸೊಂಟದ ಮೂಳೆಯನ್ನೇ ಮುರಿಯುತ್ತವೆ.

ಶುರುವಿಗೆ ತಲೆಯ ಪೆಟ್ಟು. ರಕ್ತ ತೆಳುವಾಗಿಸುವ ಮಾತ್ರೆ, ಆಸ್ಪಿರಿನ್ ಏನಾದರೂ ತೆಗೆದುಕೊಳ್ಳುತ್ತಾರಾ? ಇಲ್ಲ. ವಾಂತಿ, ಹೆಚ್ಚುತ್ತಿರುವ ತಲೆನೋವು, ಮಂಪರು, ಒಂದು ಕಡೆಯ ಕೈಕಾಲು ಸೋಲು? ಇಲ್ಲ. ಆದರೂ ಸೊಸೆಗೆ ಒಂದು ಮಾತು ಹೇಳಲೇಬೇಕು. ಮುದುಕರಲ್ಲಿ ತಲೆಗೆ ಪೆಟ್ಟಾದ ಮೇಲೆ ಮೆದುಳಿನ ಹೊದಿಕೆಯೊಳಗೆ ರಕ್ತ ನಿಧಾನವಾಗಿ ಸೇರುವುದುಂಟು; ಮರೆವು, ತಡವರಿಕೆ, ನಡಿಗೆಯ ಬದಲಾವಣೆ ಕೆಲವು ವಾರ ಕಳೆದ ಮೇಲೂ ಕಾಣಿಸಿಕೊಳ್ಳಬಹುದು. ಅಂಥದ್ದೇನಾದರೂ ಕಂಡರೆ ಕಾಯದೆ ಸ್ಕ್ಯಾನ್ ಇರುವ ಆಸ್ಪತ್ರೆಗೆ ಕರೆದೊಯ್ಯಬೇಕು.

ಹಿಂದಿನ ತಿಂಗಳ ಶಿಬಿರದ ಪುಸ್ತಕದಲ್ಲಿ ಅಜ್ಜಿಯ ಬಿ.ಪಿ. 136/78, ‘ನಾರ್ಮಲ್’. ಕೂರಿಸಿ ನೋಡಿದ್ದು. ಬವಳಿ ಬರುವುದು ಎದ್ದಾಗ, ಹಾಗಾಗಿ ಎದ್ದಾಗಲೇ ನೋಡಬೇಕು. ಹಗ್ಗದ ಮಂಚದ ಮೇಲೆ 5 ನಿಮಿಷ ಮಲಗಿಸಿ, ಮಾತಾಡಿಸದೆ ಮೊದಲ ಅಳತೆ ತೆಗೆದದ್ದಾಯಿತು. ಅಜ್ಜಿಯ ರಟ್ಟೆಯ ಸುತ್ತಳತೆ 21 ಸೆಂ.ಮೀ.; 22ರಿಂದ 32ರವರೆಗಿನ ಸಾಮಾನ್ಯ ಪಟ್ಟಿ ಅದಕ್ಕೆ ದೊಡ್ಡದು. ದೊಡ್ಡ ಪಟ್ಟಿ ಬಿ.ಪಿ.ಯನ್ನು ಕಡಿಮೆ ತೋರಿಸುತ್ತದೆ, ಚಿಕ್ಕದು ಹೆಚ್ಚು ತೋರಿಸುತ್ತದೆ. ಹಾಗಾಗಿ ಸಣ್ಣ ಪಟ್ಟಿಯನ್ನೇ ಕಟ್ಟಿದ್ದು. ಮಲಗಿದಾಗ 138/78, ನಾಡಿ 76.

ಆಮೇಲೆ ಎಬ್ಬಿಸಿ ನಿಲ್ಲಿಸಿ, ಸೊಸೆಯನ್ನು ಪಕ್ಕದಲ್ಲಿ ಕಾವಲಿಟ್ಟು, ನಿಂತು 1 ನಿಮಿಷವಾದಾಗ ಒಂದು ಸಲ, 3 ನಿಮಿಷವಾದಾಗ ಇನ್ನೊಂದು ಸಲ ಅಳೆಯಬೇಕು. ಹೆಚ್ಚಿನವರು ತಪ್ಪುವುದು ಇಲ್ಲೇ: ಕೈಯನ್ನು ಜೋತುಬಿಟ್ಟು ಅಳೆಯುತ್ತಾರೆ. ಹೃದಯಕ್ಕಿಂತ ಕೆಳಗಿರುವ ಕೈ ಬಿ.ಪಿ.ಯನ್ನು ಹೆಚ್ಚಾಗಿ ತೋರಿಸುತ್ತದೆ, ಹಿಡಿಯಲು ಹೊರಟ ಕುಸಿತವೇ ಮುಚ್ಚಿಹೋಗುತ್ತದೆ. ಅಜ್ಜಿಯ ಮೊಣಕೈಯನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದಾಗ 1 ನಿಮಿಷಕ್ಕೆ 112/68, 3 ನಿಮಿಷಕ್ಕೆ 108/66, ನಾಡಿ 98. “ಕಣ್ಣು ಮಂಜಾಯ್ತದೆ” ಎಂದರು. ತಕ್ಷಣ ಕೂರಿಸಿದ್ದಾಯಿತು. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೇ ಅದು ನಿಂತಾಗಿನ ಬಿ.ಪಿ. ಕುಸಿತ. ಇಲ್ಲಿ ಇಳಿದದ್ದು 30. ಜೊತೆಗೆ ನಾಡಿ 22 ಏರಿದೆ. ನರಗಳ ದೌರ್ಬಲ್ಯದಿಂದಾದ ಕುಸಿತವಾಗಿದ್ದರೆ ನಾಡಿ ಇಷ್ಟು ಏರುತ್ತಿರಲಿಲ್ಲ. ಮೈಯಲ್ಲಿ ನೀರು ಕಡಿಮೆಯಾಗಿದೆ ಎಂಬ ಕಡೆಗೆ ಈ ಏರಿಕೆ ಬೆರಳು ತೋರಿಸುತ್ತಿತ್ತು.

“ಮನೇಲಿರೋ ಗುಳಿಗೆ ಎಲ್ಲಾ ತಗೊಂಬಾ ತಾಯಿ. ನಿಲ್ಲಿಸಿರೋದೂ ಇರಲಿ, ಮೆಡಿಕಲ್ ಶಾಪಿಂದು ಇರಲಿ” ಎಂದು ಸೊಸೆಯನ್ನು ಒಳಗೆ ಕಳಿಸಿದ್ದಕ್ಕೆ ಇನ್ನೊಂದು ಉದ್ದೇಶವೂ ಇತ್ತು. ಊಟ ಸರಿಯಾಗಿ ಕೊಡುತ್ತಾರಾ, ಪಿಂಚಣಿ ಹಣ ಯಾರ ಕೈಯಲ್ಲಿರುತ್ತದೆ, ಯಾರಾದರೂ ಬೈಯುತ್ತಾರಾ, ಹೊಡೆಯುತ್ತಾರಾ ಎಂದು ಕೇಳಲು ಆ ಎರಡು ನಿಮಿಷದ ಏಕಾಂತ ಬೇಕು. ಮನೆಯವರ ಎದುರಿಗೆ ಕೇಳಿದರೆ ನಿಜ ಹೊರಬರುವುದಿಲ್ಲ. ಈ ಮನೆಯಲ್ಲಿ ಅಂಥದ್ದೇನೂ ಇರಲಿಲ್ಲ. ಆದರೆ ಅದೇ ಹೊತ್ತಿನಲ್ಲಿ ಅಜ್ಜಿ ತಗ್ಗಿದ ದನಿಯಲ್ಲಿ ಬೇರೊಂದು ಹೇಳಿದರು. ಬಚ್ಚಲಿಗೆ ಹೋಗುವಷ್ಟರಲ್ಲಿ ಸೀರೆ ಒದ್ದೆಯಾಗುತ್ತದೆ, ಅದಕ್ಕೇ ಮಧ್ಯಾಹ್ನದ ಮೇಲೆ ನೀರು ಕುಡಿಯುವುದನ್ನೇ ಬಿಟ್ಟಿದ್ದಾರೆ. ಎಷ್ಟೋ ಹೆಂಗಸರು ಇದನ್ನು ಮಗಳಿಗೂ ಹೇಳಿರುವುದಿಲ್ಲ.

ಪ್ಲಾಸ್ಟಿಕ್ ಕವರಿನಲ್ಲಿ ಆರು ಬಗೆಯ ಗುಳಿಗೆ ಸಿಕ್ಕವು. ಹೆಸರಿನ ದೊಡ್ಡ ಅಕ್ಷರ ಬಿಟ್ಟು, ಕೆಳಗೆ ಚಿಕ್ಕದಾಗಿ ಅಚ್ಚಾದ ಔಷಧದ ಮೂಲ ಹೆಸರನ್ನು ಓದಬೇಕು. ಸರ್ಕಾರಿ ಆಸ್ಪತ್ರೆಯದು ಬಿ.ಪಿ. ಇಳಿಸುವ ಆಮ್ಲೋಡಿಪಿನ್ 5 ಮಿ.ಗ್ರಾಂ. ಪೇಟೆಯಲ್ಲಿ ಬರೆಸಿಕೊಂಡ ಜೋಡಿ ಮಾತ್ರೆಯಲ್ಲಿ ಟೆಲ್ಮಿಸಾರ್ಟನ್ ಎಂಬ ಇನ್ನೊಂದು ಬಿ.ಪಿ. ಔಷಧದ ಜೊತೆ ಮತ್ತೆ ಆಮ್ಲೋಡಿಪಿನ್ 5. ಬಣ್ಣ ಬೇರೆ, ಹೆಸರು ಬೇರೆ, ಒಳಗಿನ ಔಷಧ ಒಂದೇ. ದಿನಕ್ಕೆ 10 ಮಿ.ಗ್ರಾಂ. ಹೊಟ್ಟೆಗೆ ಹೋಗುತ್ತಿತ್ತು. ಈ ಔಷಧದ ಪ್ರಮಾಣ ಹೆಚ್ಚಿದಷ್ಟೂ ಪಾದ ಊದುವುದು ಹೆಚ್ಚು. ಊದಿತು. ಊತ ತೋರಿಸಿದ್ದಕ್ಕೆ ಇನ್ನೊಂದು ಕಡೆ ಉಚ್ಚೆ ಹೆಚ್ಚಿಸುವ ಫ್ಯೂರೋಸೆಮೈಡ್ 40 ಬರೆದುಕೊಟ್ಟರು. ಅದನ್ನು ಅಜ್ಜಿ ರಾತ್ರಿ ಮುದ್ದೆ ಉಂಡಮೇಲೆ ನುಂಗುತ್ತಿದ್ದರು. ಅದರ ಪ್ರಭಾವ ಸುಮಾರು ಆರು ಗಂಟೆ ಇರುತ್ತದೆ. ರಾತ್ರಿಯಿಡೀ ಎದ್ದು ಎದ್ದು ಹೋಗಿ, ನೀರೂ ಕುಡಿಯದೆ, ಬೆಳಗಿನ ಜಾವಕ್ಕೆ ಮೈ ಒಣಗಿ ಬವಳಿ. ಒಂದು ಮಾತ್ರೆಯ ತೊಂದರೆಯನ್ನು ಹೊಸ ಕಾಯಿಲೆ ಎಂದು ತಿಳಿದು ಇನ್ನೊಂದು ಮಾತ್ರೆ ಸೇರಿಸುವುದು ಹೀಗೇ ಬೆಳೆಯುತ್ತದೆ. ಮುದುಕರಲ್ಲಿ ಹೊಸ ತೊಂದರೆ ಕಂಡಾಗಲೆಲ್ಲ ‘ಇದು ಮಾತ್ರೆಯಿಂದಲೇ ಬಂದದ್ದಾ?’ ಎಂಬ ಪ್ರಶ್ನೆ ಮೊದಲು ಬರಲಿ ಎಂದು ಎಷ್ಟು ಸಲ ಹೇಳಿದರೂ ಸಾಲದು.

ಉಳಿದವು: ಮಂಡಿನೋವಿಗೆ ಡೈಕ್ಲೋಫೆನಾಕ್, ನವೆಗೆ ಸೆಟ್ರಿಜಿನ್, ಒಂದು ಕ್ಯಾಲ್ಸಿಯಂ. ಟೆಲ್ಮಿಸಾರ್ಟನ್, ಫ್ಯೂರೋಸೆಮೈಡ್, ಡೈಕ್ಲೋಫೆನಾಕ್ ಈ ಮೂರೂ ಒಟ್ಟಿಗೆ ಬಿದ್ದರೆ ಮೂತ್ರಪಿಂಡಕ್ಕೆ ಪೆಟ್ಟು, ಮೈಯಲ್ಲಿ ನೀರು ಕಡಿಮೆ ಇದ್ದಾಗಂತೂ ಇನ್ನೂ ಅಪಾಯ. ಸೆಟ್ರಿಜಿನ್ ಮಂಪರು ತರುತ್ತದೆ. ಇಷ್ಟೆಲ್ಲ ಕಂಡರೂ ಮನೆ ಭೇಟಿಗೆ ಹೋದ ನರ್ಸ್ ತಾನೇ ಬಿ.ಪಿ. ಮಾತ್ರೆ ನಿಲ್ಲಿಸುವಂತಿಲ್ಲ. ಜಗಲಿಯಿಂದಲೇ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಫೋನ್ ಮಾಡಿ, ಮಲಗಿದ, ನಿಂತ ಅಂಕಿಗಳನ್ನೂ ಆರು ಬಗೆಯ ಗುಳಿಗೆಗಳನ್ನೂ ಓದಿಹೇಳಿದ್ದಾಯಿತು. ಒಂಟಿ ಆಮ್ಲೋಡಿಪಿನ್, ಫ್ಯೂರೋಸೆಮೈಡ್, ಡೈಕ್ಲೋಫೆನಾಕ್, ಸೆಟ್ರಿಜಿನ್ ನಿಲ್ಲಿಸಲು ಹೇಳಿದರು, ನೋವಿಗೆ ಪ್ಯಾರಸಿಟಮಾಲ್, ಮರುದಿನವೇ ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್, ಸೋಡಿಯಂ, ಪೊಟ್ಯಾಸಿಯಂ, ಹಿಮೋಗ್ಲೋಬಿನ್ ಪರೀಕ್ಷೆ. ನಿಲ್ಲಿಸಿದ್ದನ್ನು ಮನೆಯಲ್ಲೇ ಬಿಟ್ಟರೆ ‘ದುಡ್ಡು ಕೊಟ್ಟಿದ್ದಲ್ಲ’ ಎಂದು ಮತ್ತೆ ಶುರುವಾಗುತ್ತದೆ. ಸೊಸೆಯ ಒಪ್ಪಿಗೆ ಪಡೆದು ಅವನ್ನು ಬೇರೆ ಕವರಿಗೆ ಹಾಕಿ ತಂದದ್ದಾಯಿತು.

ಸಕ್ಕರೆ ನೋಡಿದಾಗ 231 ಬಂತು. ಸೊಸೆ ಗಾಬರಿಯಾದರು. ಅಜ್ಜಿ ಆಗಷ್ಟೇ ಬೆಲ್ಲ ಕುಟ್ಟಿದ್ದರು. ಸೋಪು ಹಾಕಿ ಕೈ ತೊಳೆಸಿ, ಚೆನ್ನಾಗಿ ಒರೆಸಿ, ಬೇರೆ ಬೆರಳಿನ ಪಕ್ಕಕ್ಕೆ ಚುಚ್ಚಿ, ಮೊದಲ ಹನಿ ಒರೆಸಿ ನೋಡಿದರೆ 142.

ನಡಿಗೆಯ ಪರೀಕ್ಷೆಗೆ ಬೇಕಾದದ್ದು ಕೈಯಿರುವ ಒಂದು ಕುರ್ಚಿ, ಒಂದು ಗಡಿಯಾರ, 3 ಮೀಟರ್ ಜಾಗ. ಕುರ್ಚಿಯನ್ನು ಗೋಡೆಗೆ ಒತ್ತಿಟ್ಟು, ಟೇಪಿನಲ್ಲಿ ಅಳೆದು, ಅಂಗಳದಲ್ಲಿ ರಂಗೋಲಿ ಪುಡಿಯಿಂದ ಗೆರೆ ಎಳೆದದ್ದಾಯಿತು. ಎದ್ದು, ಗೆರೆಯವರೆಗೆ ಎಂದಿನ ನಡಿಗೆಯಲ್ಲೇ ಹೋಗಿ, ತಿರುಗಿ ಬಂದು ಕೂರಬೇಕು. 12 ಸೆಕೆಂಡ್ ಅಥವಾ ಹೆಚ್ಚಾದರೆ ಬೀಳುವ ಅಪಾಯವಿದೆ ಎಂದರ್ಥ. ಅಜ್ಜಿಗೆ 19 ಹಿಡಿಯಿತು. ಅಂಕಿಗಿಂತ ನೋಟ ಮುಖ್ಯ: ಏಳುವಾಗ ಎರಡು ಕೈಯನ್ನೂ ಊರಿದರು, ತಿರುಗುವಾಗ ಐದಾರು ಪುಟ್ಟ ಹೆಜ್ಜೆ ಇಟ್ಟರು, ಸವೆದ ಹವಾಯಿ ಚಪ್ಪಲಿ ಬೆರಳಿನಿಂದ ಕಳಚುತ್ತಿತ್ತು.

ಮರೆವಿನ ಪರೀಕ್ಷೆಗೆ ಮುಂಚೆ ಕಿವಿ ನೋಡಬೇಕು. ಗುಗ್ಗೆ ತುಂಬಿ ಕೇಳಿಸದವರನ್ನು ಮರೆಗುಳಿ ಎಂದು ಬರೆದಿಟ್ಟ ಹಾಳೆಗಳು ಕಡಿಮೆಯಿಲ್ಲ. ಹಿಂದೆ ನಿಂತು, ಒಂದು ಕಿವಿ ಮುಚ್ಚಿ, ಪಿಸುಮಾತಿನಲ್ಲಿ ಅಂಕಿ ಹೇಳಿದರೆ ಅಜ್ಜಿ ಸರಿಯಾಗಿ ಹೇಳಿದರು. ಬಾಳೆಹಣ್ಣು, ಸೂರ್ಯ, ಕುರ್ಚಿ ಎಂಬ ಮೂರು ಪದ ಕೊಟ್ಟು ಸ್ವಲ್ಪ ಹೊತ್ತು ಬಿಟ್ಟು ಕೇಳಿದರೆ ಎರಡು ನೆನಪಿದ್ದವು. ಗಡಿಯಾರದ ಚಿತ್ರ ಬರೆಸುವುದು ಪೆನ್ನು ಹಿಡಿಯದ ಕೈಗೆ ನ್ಯಾಯವಲ್ಲ. ಬದಲಿಗೆ ಐನೂರರ ನೋಟಿಗೆ ಎಷ್ಟು ಚಿಲ್ಲರೆ ಬರಬೇಕು, ಸಂತೆ ಯಾವತ್ತು ಎಂದು ಕೇಳಬಹುದು. ಎರಡೂ ತಪ್ಪಲಿಲ್ಲ. ಒಂದೆರಡು ದಿನದಲ್ಲೇ ದಿಢೀರನೆ ಶುರುವಾಗಿ, ಬೆಳಿಗ್ಗೆ ಒಂದು ಥರ, ಸಂಜೆ ಒಂದು ಥರ ಇರುವ ಗೊಂದಲ ಮಾತ್ರ ಬೇರೆಯೇ ವಿಷಯ. ಅದು ಮರೆವಿನ ಕಾಯಿಲೆಯಲ್ಲ. ಸೋಂಕು, ನೀರು ಕಡಿಮೆಯಾಗಿರುವುದು, ಸೋಡಿಯಂ ಇಳಿದಿರುವುದು, ಯಾವುದೋ ಔಷಧ, ಹೀಗೆ ಏನಾದರೂ ಇರುತ್ತದೆ. ಅದೇ ದಿನ ವೈದ್ಯರಿಗೆ ತೋರಿಸಬೇಕು.

ತೂಕ 41 ಕೆ.ಜಿ., ಮೀನಖಂಡದ ಸುತ್ತಳತೆ 29 ಸೆಂ.ಮೀ. 31ಕ್ಕಿಂತ ಕಡಿಮೆಯಿದ್ದರೆ ಮಾಂಸಖಂಡ ಕರಗಿದೆ ಎಂದು ತಿಳಿಯಬೇಕು. ದವಡೆಹಲ್ಲು ಇಲ್ಲದ್ದರಿಂದ ಕಾಳು ಬಿಟ್ಟು ಮುದ್ದೆ, ತಿಳಿಸಾರು ನುಂಗುತ್ತಿದ್ದರು. ಕೆ.ಜಿ. ತೂಕಕ್ಕೆ 1ರಿಂದ 1.2 ಗ್ರಾಂ ಲೆಕ್ಕದಲ್ಲಿ ಇವರಿಗೆ ದಿನಕ್ಕೆ 41ರಿಂದ 49 ಗ್ರಾಂ ಪ್ರೊಟೀನ್ ಬೇಕು. ಒಂದು ಮೊಟ್ಟೆಯಲ್ಲಿ ಸುಮಾರು 6, ಒಂದು ಲೋಟ ಹಾಲಿನಲ್ಲಿ ಅಷ್ಟೇ, 100 ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು 7. ಹಾಗಾಗಿ ಮುದ್ದೆಯ ಜೊತೆಗೆ ಬೇಯಿಸಿ ಮಸೆದ ಹುರುಳಿ ಅಥವಾ ಅಲಸಂದೆ, ಕಡಲೆಬೀಜದ ಪುಡಿ, ಮೊಟ್ಟೆ, ಎರಡು ಹೊತ್ತು ಹಾಲು ಎಂದು ಸೊಸೆಯ ಜೊತೆ ಕೂತು ಲೆಕ್ಕ ಹಾಕಿದ್ದಾಯಿತು. ನೀರು ದಿನಕ್ಕೆ ಒಂದೂವರೆ ಲೀಟರಿಗೆ ಕಡಿಮೆಯಾಗಬಾರದು, ಹೆಚ್ಚಿನದು ಸಂಜೆಯೊಳಗೆ. (ಹೃದಯ ಅಥವಾ ಮೂತ್ರಪಿಂಡ ಸೋತವರಿಗೆ ಈ ಲೆಕ್ಕ ಬೇರೆ, ವೈದ್ಯರನ್ನು ಕೇಳಿಯೇ.)

ಕಣ್ಣಲ್ಲಿ ಪೊರೆ ಎರಡೂ ಕಡೆ. ತಾಲ್ಲೂಕು ಆಸ್ಪತ್ರೆಗೆ ಚೀಟಿ ಬರೆದದ್ದಾಯಿತು.

ಕೊನೆಗೆ ಮಂಚದಿಂದ ಬಚ್ಚಲಿಗೆ ಅಜ್ಜಿಯ ಹಿಂದೆಯೇ ನಡೆದು ನೋಡಿದ್ದು. ಎತ್ತರದ ಹೊಸ್ತಿಲು, ಅದರಾಚೆ ಮಡಿಕೆಬಿದ್ದ ಗೋಣಿತಾಟು, ಪಾಚಿ ಹಿಡಿದ ಕಲ್ಲುಚಪ್ಪಡಿ, ಹೊರಗಿರುವ ದೀಪದ ಸ್ವಿಚ್ಚು. ತಾಟನ್ನು ಅವತ್ತೇ ತೆಗೆಸಿದರು. ಪಾಚಿಗೆ ಬ್ಲೀಚಿಂಗ್ ಪುಡಿ ಹಾಕಿ ಉಜ್ಜುವುದು, ಹೊಸ್ತಿಲ ಅಂಚಿಗೆ ಬಿಳಿ ಬಣ್ಣ ಬಳಿಯುವುದು, ಗೋಡೆಗೆ ಕಬ್ಬಿಣದ ಪೈಪಿನ ಹಿಡಿಕೆ, ರಾತ್ರಿಯಿಡೀ ಉರಿಯುವ ಸಣ್ಣ ಬಲ್ಬು ಮಗನ ಪಾಲಿಗೆ. ಕೋಲಿನ ಹಿಡಿ ಕೈ ಇಳಿಬಿಟ್ಟಾಗ ಮಣಿಕಟ್ಟಿನ ಮಟ್ಟಕ್ಕೆ ಬರಬೇಕು. ನೋಯುವ ಮಂಡಿ ಬಲಗಡೆಯದಾದರೆ ಕೋಲು ಎಡಗೈಯಲ್ಲಿ. ಬಹಳ ಜನ ನೋಯುವ ಕಡೆಯೇ ಹಿಡಿಯುತ್ತಾರೆ.

ಅಜ್ಜಿಗೆ ಕಲಿಸಿದ್ದು ಎರಡೇ. ಎಚ್ಚರವಾದ ಮೇಲೆ ಮಲಗಿದಲ್ಲೇ ಪಾದವನ್ನು ಹತ್ತು ಸಲ ಮೇಲೆ ಕೆಳಗೆ ಆಡಿಸಿ, ಮಂಚದ ಅಂಚಿಗೆ ಎದ್ದು ಕೂತು ಒಂದು ದೊಡ್ಡ ಲೋಟ ನೀರು ಕುಡಿದು, ಎರಡು ನಿಮಿಷ ಬಿಟ್ಟು ಕಂಬ ಹಿಡಿದು ನಿಲ್ಲುವುದು. ಇನ್ನೊಂದು, ಕುರ್ಚಿಯಿಂದ ಐದು ಸಲ ಎದ್ದು ಕೂರುವುದು, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ.

ಎರಡು ವಾರ ಬಿಟ್ಟು ಹೋದಾಗ ಪಾದದ ಊತ ಇಳಿದಿತ್ತು. ಮಲಗಿದಾಗ 144/80, ನಿಂತು 3 ನಿಮಿಷಕ್ಕೆ 132/76. ಮತ್ತೆ ಜಾರಿಲ್ಲ. ರಂಗೋಲಿ ಗೆರೆಯವರೆಗೆ ಹೋಗಿ ಬರಲು 14 ಸೆಕೆಂಡ್, ಅಂದರೆ ಇನ್ನೂ 12ರ ಮೇಲೆಯೇ. ಪೈಪಿನ ಹಿಡಿಕೆ ಇನ್ನೂ ಬಂದಿರಲಿಲ್ಲ, ಗಾರೆಯವನು ಬೇರೆ ಕೆಲಸದಲ್ಲಿದ್ದಾನೆ ಎಂದರು. ಆಶಾ ಅಕ್ಕ ನಮೂನೆಯ ಆ ಪ್ರಶ್ನೆಯ ಪಕ್ಕದಲ್ಲಿ ಪೆನ್ಸಿಲಿನಲ್ಲಿ ‘ಬವಳಿ?’ ಎಂದು ಬರೆದುಕೊಂಡು, ಪಕ್ಕದ ಮನೆಯ ತಾತನನ್ನು ಮಾತಾಡಿಸಲು ಮುಂದೆ ಹೋದರು.